ಗೆರ್ಡಾ ಟೆಸ್ಕೆ ಮತ್ತು ಬತ್ತಿದ ಬಕೆಟ್

ಗೆರ್ಡಾ ಟೆಸ್ಕೆ ಒಳ್ಳೆಯ ಹೆಂಗಸು ಎಂದು ಕ್ರಾಮರ್ಸ್‌ವಿಲ್‌ನಲ್ಲಿ ಯಾರೂ ಹೇಳುತ್ತಿರಲಿಲ್ಲ. ಹೇಳಿದ್ದರೆ ಅವಳೇ ಮೊದಲು ತಕರಾರು ತೆಗೆಯುತ್ತಿದ್ದಳು. ವಿಸ್ಕಾನ್ಸಿನ್‌ನ ಆ ಸಣ್ಣ ಊರಿನ ಹಾಲಿನ ಕಾರ್ಖಾನೆಯಲ್ಲಿ ಇಪ್ಪತ್ತೊಂಬತ್ತು ವರ್ಷ ಟ್ಯಾಂಕು ತೊಳೆದವಳು ಅವಳು. ಮೊಣಕೈವರೆಗೆ ಚರ್ಮ ಸುಲಿದು ಸುಲಿದು ಕೈಗಳು ಬೇಯಿಸಿದ ಬೀಟ್‌ರೂಟಿನ ಬಣ್ಣಕ್ಕೆ ತಿರುಗಿದ್ದವು. ನಾಲಿಗೆಯನ್ನೂ ಟ್ಯಾಂಕು ತೊಳೆಯುವ ಕಾಸ್ಟಿಕ್ ಸೋಡಾ ನೀರಿನಲ್ಲೇ ಅದ್ದಿಟ್ಟಿದ್ದಾಳೆ ಎಂದು ಜನ ಬೆನ್ನ ಹಿಂದೆ ಆಡಿಕೊಳ್ಳುತ್ತಿದ್ದರು.

ಆ ನಾಲಿಗೆ ಹುಟ್ಟಿನಿಂದ ಹಾಗಿರಲಿಲ್ಲ. ಕೆಲಸಕ್ಕೆ ಸೇರಿದ ಎರಡನೇ ವರ್ಷ ಒಂದು ಸಂಗತಿ ನಡೆಯಿತು. ಎರಡಾಳೆತ್ತರದ ಹಾಲಿನ ಟ್ಯಾಂಕನ್ನು ಕುದಿಯುವ ನೀರಿನಲ್ಲಿ ತೊಳೆದು, ಕೂಡಲೇ ತಣ್ಣೀರು ಬಿಡು ಎಂದು ಮೇಸ್ತ್ರಿ ಹೇಳಿದ. ಗಾಳಿ ಆಡುವ ಮೇಲಿನ ಮುಚ್ಚಳ ಹಾಕಿತ್ತು. ತೆಗೆಯಲೇ ಎಂದು ಗೆರ್ಡಾ ಕೇಳಿದಳು. "ಹೇಳಿದಷ್ಟು ಮಾಡು," ಎಂದ. ತಣ್ಣೀರು ಬಿಟ್ಟ ಅರೆ ನಿಮಿಷಕ್ಕೆ ಆ ಉಕ್ಕಿನ ಟ್ಯಾಂಕು ಗುಡುಗಿನಂಥ ಸದ್ದು ಮಾಡಿ ಒಳಕ್ಕೆ ಕುಸಿಯಿತು, ಕಾಲಲ್ಲಿ ಮೆಟ್ಟಿದ ಡಬ್ಬಿಯ ಹಾಗೆ. ಮುಚ್ಚಳ ತೆಗೆಯಲು ಮರೆತವಳು ಗೆರ್ಡಾ ಎಂದು ಮೇಸ್ತ್ರಿ ವರದಿ ಬರೆದ. ಹನ್ನೊಂದು ವರ್ಷ ಅವಳಿಗೆ ಬಡ್ತಿ ಸಿಗಲಿಲ್ಲ. ಆವತ್ತು ಅವಳು ಎರಡು ವಿಷಯ ಕಲಿತಳು. ಮುಚ್ಚಿದ ಪಾತ್ರೆಯೊಳಗಿನ ಬಿಸಿ ಗಾಳಿ ತಣ್ಣಗಾದರೆ ಕುಗ್ಗುತ್ತದೆ, ಕುಗ್ಗಿ ಸಿಕ್ಕಿದ್ದನ್ನೆಲ್ಲ ಒಳಗೆ ಎಳೆಯುತ್ತದೆ, ಏನೂ ಸಿಗದಿದ್ದರೆ ಪಾತ್ರೆಯನ್ನೇ ನುಂಗುತ್ತದೆ. ಇನ್ನೊಂದು, ಗಂಡಸು ತಪ್ಪು ಮಾಡಿದಾಗ ಹತ್ತಿರ ನಿಂತ ಹೆಂಗಸಿನ ಹೆಸರು ಕಾಗದಕ್ಕೆ ಏರುತ್ತದೆ.

ಗಂಡ ಹಾರ್ಲನ್ ಸತ್ತಾಗ ಅವನ ಬಿಯರ್ ಮಾಡುವ ಸಾಮಾನು ನೆಲಮಾಳಿಗೆಯಲ್ಲಿ ಉಳಿದಿತ್ತು. ಹಾರ್ಲನ್ ಮಾಡುತ್ತಿದ್ದ ಬಿಯರ್ ಒದ್ದೆ ರಟ್ಟಿನ ರುಚಿಯದು. ಪಾಪ, ಅವನೂ ಒಪ್ಪಿಕೊಂಡಿದ್ದ. ಕೆಲಸದಿಂದ ನಿವೃತ್ತಳಾದ ಮೇಲೆ ಗೆರ್ಡಾ ಅದೇ ಸಾಮಾನು ತೊಳೆದು ತಾನೇ ಮಾಡಿನೋಡಿದಳು. ಮೊದಲ ಸಲವೇ ಗಂಡನಿಗಿಂತ ಚೆನ್ನಾಗಿ ಬಂತು. ಊರಿನ ಬಿಯರ್ ಕ್ಲಬ್ಬಿಗೆ ಸೇರಿದಳು. ಹದಿನಾಲ್ಕು ಗಂಡಸರು, ಇವಳೊಬ್ಬಳು.

ಕ್ಲಬ್ಬಿನ ಅಧ್ಯಕ್ಷ ರೋಲಂಡ್ ಫೆಂಟನ್, ಹಲ್ಲಿನ ಡಾಕ್ಟರು. ಅವನ ನಗುವೇ ಅವನ ಜಾಹೀರಾತು. ಮೂವತ್ತೆರಡೂ ಹಲ್ಲು ಹೊಸ ಟೈಲ್ಸಿನ ಹಾಗೆ ಹೊಳೆಯುತ್ತಿದ್ದವು. ಗೆರ್ಡಾ ಸೇರಿದ ದಿನವೇ ಆ ನಗು ತೋರಿಸಿ, "ಬನ್ನಿ ಬನ್ನಿ, ನಮಗೆ ಜಾಡಿ ತೊಳೆಯೋರು ಬೇಕಾಗಿತ್ತು," ಎಂದಿದ್ದ. ಎಲ್ಲರೂ ನಕ್ಕಿದ್ದರು. ಗೆರ್ಡಾ ನಕ್ಕಿರಲಿಲ್ಲ. ಎರಡು ವರ್ಷ ಕಳೆದರೂ ಜಾಡಿ ತೊಳೆಯುತ್ತಿದ್ದವಳು ಅವಳೇ.

ತೊಂಬತ್ತನಾಲ್ಕರ ಬೇಸಿಗೆಗೆ ಊರಿನ ಅಗ್ನಿಶಾಮಕ ದಳಕ್ಕೆ ನೂರು ವರ್ಷ ತುಂಬುವುದಿತ್ತು. ಆ ದಿನದ ಊಟಕ್ಕೆ ಬಿಯರ್ ನಮ್ಮ ಕ್ಲಬ್ಬಿನದು ಎಂದು ಫೆಂಟನ್ ಮಾತು ಕೊಟ್ಟ. ಏಪ್ರಿಲ್ ಮೊದಲ ವಾರ ಹತ್ತು ದೊಡ್ಡ ಗಾಜಿನ ಜಾಡಿಗಳಲ್ಲಿ ಬಿಯರ್ ಹುದುಗಲು ಇಟ್ಟರು. ಜಾಗ ಕೊಟ್ಟವನು ಮಿಲ್ಟ್ ಬೌಮನ್. ಅವನ ಹಾರ್ಡ್‌ವೇರ್ ಅಂಗಡಿ ಹಿಂದೆ ಮಾಂಸದ ಅಂಗಡಿಯಾಗಿತ್ತು. ಹಿತ್ತಲಲ್ಲಿ ಹಂದಿ ನೇತುಹಾಕುತ್ತಿದ್ದ ತಂಪುಕೋಣೆ ಹಾಗೇ ಉಳಿದಿತ್ತು. ಕೀ ಮೂರು: ಒಂದು ಮಿಲ್ಟ್ ಹತ್ತಿರ, ಒಂದು ಫೆಂಟನ್ ಹತ್ತಿರ, ನೆಲ ಒರೆಸುವವಳಾದ್ದರಿಂದ ಒಂದು ಗೆರ್ಡಾ ಹತ್ತಿರ.

ಬಿಯರ್ ಹುದುಗುವಾಗ ನೊರೆ ಉಕ್ಕುತ್ತದೆ. ಅದು ಹೊರಗೆ ಹೋಗಲು ಜಾಡಿಯ ಬಾಯಿಗೆ ಟ್ಯೂಬ್ ಸಿಕ್ಕಿಸಿ, ಅದರ ತುದಿಯನ್ನು ಕ್ರಿಮಿ ಕೊಲ್ಲುವ ಔಷಧಿ ನೀರಿನಲ್ಲಿ ಮುಳುಗಿಸಿಡುವುದು ರೂಢಿ. ಗಾಳಿ ಗುಳುಗುಳು ಎಂದು ಹೊರಗೆ ಹೋಗುತ್ತದೆ, ನೊಣ ಒಳಗೆ ಬರುವುದಿಲ್ಲ. ಫೆಂಟನ್ ಹತ್ತೂ ಜಾಡಿಗಳನ್ನು ಸುತ್ತ ನಿಲ್ಲಿಸಿ, ಹತ್ತೂ ಟ್ಯೂಬುಗಳನ್ನು ನಡುವಿನ ಒಂದೇ ಬಕೆಟ್ಟಿಗೆ ಬಿಟ್ಟಿದ್ದ. ಹಂದಿಮರಿಗಳು ತಾಯಿಯ ಮೊಲೆಗೆ ಬಿದ್ದ ಹಾಗೆ ಕಾಣುತ್ತಿತ್ತು. ಅದರ ಫೋಟೋ ಕೂಡ ತೆಗೆಸಿದ್ದ. ಹತ್ತು ದಿನದಲ್ಲಿ ಹತ್ತು ಜಾಡಿಯ ಉಕ್ಕಿದ ನೊರೆಯೆಲ್ಲ ಆ ಬಕೆಟ್ಟಿಗೇ ಇಳಿದು, ಅಯೊಡಿನ್ ಹಾಕಿದ ನೀರು ಕಂದು ಕೊಚ್ಚೆಯಾಗಿತ್ತು. ಮೇಲೆ ನೊಣಗಳು ತೇಲುತ್ತಿದ್ದವು.

ಗುರುವಾರ ಮಧ್ಯಾಹ್ನ ಗೆರ್ಡಾ ತಂಪುಕೋಣೆಯ ನೆಲ ಒರೆಸುತ್ತಿದ್ದಳು. ಮೂಲೆಯಲ್ಲಿ ಆಂಬ್ರೋಸ್ ವಾವ್ರಾ ಮೊಳಕೆ ಬಾರ್ಲಿಯ ಮಾಲ್ಟ್ ಚೀಲದ ಮೇಲೆ ಕೂತು ಹಳೇ ಬಾಟಲಿಗಳ ಚೀಟಿ ಕೆರೆಯುತ್ತಿದ್ದ. ಆಂಬ್ರೋಸ್ ಹಸು ಮಾರಿ ಕೈತೊಳೆದುಕೊಂಡ ರೈತ, ಎಪ್ಪತ್ತರ ಮೇಲಿನವನು, ಯಾರ ತಂಟೆಗೂ ಹೋಗದ ಮನುಷ್ಯ. ಫೆಂಟನ್ ಬಂದವನೇ ತಂಪುಯಂತ್ರದ ಸ್ವಿಚ್ಚಿಗೆ ಕೈ ಹಾಕಿದ. ತಂಪು ಕೊಟ್ಟರೆ ಹುದುಗೆಬ್ಬಿಸುವ ಯೀಸ್ಟೆಲ್ಲ ತಳಕ್ಕೆ ಕೂತು ಬಿಯರ್ ತಿಳಿಯಾಗುತ್ತದೆ, ಅದಕ್ಕೆ.

"ಡಾಕ್ಟ್ರೇ, ಸ್ವಿಚ್ ಹಾಕೋ ಮುಂಚೆ ಆ ಟ್ಯೂಬುಗಳನ್ನ ಬಕೆಟ್ಟಿಂದ ತೆಗೀರಿ," ಎಂದಳು ಗೆರ್ಡಾ.

"ಯಾಕಂತೆ?"

"ಜಾಡಿ ತಣ್ಣಗಾದ್ರೆ ಒಳಗಿನ ಗಾಳಿ ಕುಗ್ಗತ್ತೆ. ಆಗ ಬಕೆಟ್ಟಲ್ಲಿರೋ ಕೊಚ್ಚೆನೆಲ್ಲ ಹಿಂದಕ್ಕೆ ಹೀರ್ಕೊಳ್ಳತ್ತೆ."

ಫೆಂಟನ್ ಹಲ್ಲು ತೋರಿಸಿದ. "ಗೆರ್ಡಾ, ಹತ್ತು ದಿನದಿಂದ ಗಾಳಿ ಒಳಗಿಂದ ಹೊರಗೆ ಬರ್ತಾ ಇದೆ. ಇದು ಒನ್‌ವೇ ರಸ್ತೆ."

"ಬೋರ್ಡ್ ಓದೋಕೆ ಗಾಳಿಗೆ ಕಣ್ಣಿದ್ಯಾ?"

"ಹದಿನೈದು ವರ್ಷದಿಂದ ಬಿಯರ್ ಮಾಡ್ತಿದೀನಿ. ಒಂದು ಸಲಾನೂ ಹಂಗಾಗಿಲ್ಲ."

"ನಿಮ್ಮನೇಲಿ ಜಾಡಿ ಬಾಯಿಗೆ ಬೆರಳುದ್ದದ ಗಾಜಿನ ಬುರುಡೆ ಸಿಕ್ಕಿಸ್ತೀರಿ. ಅದರಲ್ಲಿ ನೀರಿರೋದು ಎರಡು ಚಮಚ. ಇಲ್ಲಿ ಬಕೆಟ್ ತುಂಬಾ ಇದೆ."

"ನಿಮಗೆ ಹೇಳಿದ್ದು ನೆಲ ಒರೆಸೋಕೆ. ಪಾಠ ಮಾಡೋಕಲ್ಲ," ಎಂದು ಫೆಂಟನ್ ಸ್ವಿಚ್ ಒತ್ತಿ ಹೊರಟುಹೋದ.

ಗೆರ್ಡಾ ಆಂಬ್ರೋಸನ ಕಡೆ ನೋಡಿದಳು. "ಕೇಳಿಸ್ಕೊಂಡ್ಯಾ?" ಆಂಬ್ರೋಸ್ ಚೀಟಿ ಕೆರೆಯುತ್ತಲೇ ಹೌದೆಂದು ತಲೆಯಾಡಿಸಿದ.

ಹತ್ತು ಟ್ಯೂಬು ಎತ್ತಿ ಪಕ್ಕಕ್ಕಿಡಲು ಎರಡು ನಿಮಿಷ ಸಾಕಿತ್ತು. ಕೀ ಅವಳ ಏಪ್ರನ್ ಜೇಬಿನಲ್ಲೇ ಇತ್ತು. ಗೆರ್ಡಾ ಒರೆಸುವ ಬಟ್ಟೆ ಹಿಂಡಿ ಗೂಟಕ್ಕೆ ಹಾಕಿದಳು. ಹಾಳಾಗಿ ಹೋಗಲಿ, ಅವನ ಮೂತಿಗೇ ಹೊಡೆಯಲಿ ಎಂದುಕೊಂಡು ಬಾಗಿಲೆಳೆದು ಮನೆಗೆ ಹೋದಳು.

ಭಾನುವಾರ ಚರ್ಚ್ ಮುಗಿಸಿ ಎಲ್ಲರೂ ಬಿಯರ್ ನೋಡಲು ಬಂದರು. ಬಕೆಟ್ ಬತ್ತಿತ್ತು. ಒರೆಸಿಟ್ಟ ಹಾಗೆ ಬತ್ತಿತ್ತು. ತಳದಲ್ಲಿ ಅಂಟಿಕೊಂಡ ನಾಲ್ಕು ನೊಣ ಬಿಟ್ಟರೆ ಬೇರೇನಿಲ್ಲ. ಹತ್ತೂ ಜಾಡಿಗಳಲ್ಲಿ ಬಿಯರಿನ ಮೇಲೆ ಕಂದು ಮಡ್ಡಿ ಹರಡಿತ್ತು. ಮಿಲ್ಟ್ ಒಂದು ಲೋಟ ತೆಗೆದು ಮೂಸಿ ನೋಡಿ, "ಥೂ, ಗಾಯಕ್ಕೆ ಹಚ್ಚೋ ಔಷಧಿ," ಎಂದು ಚರಂಡಿಗೆ ಸುರಿದ.

ಫೆಂಟನ್ ಮಾತಾಡಿದ. "ಬಕೆಟ್ಟಿನ ನೀರು ಕಾಲು ಬಂದು ಜಾಡಿ ಹತ್ಲಿಲ್ಲ. ಯಾರೋ ಸುರಿದಿದಾರೆ. ಕೀ ಇರೋದು ಮೂರೇ ಜನರ ಹತ್ರ."

ಎಲ್ಲರ ಕಣ್ಣೂ ಗೆರ್ಡಾ ಮೇಲೆ ತಿರುಗಿತು. ಅವಳಿಗೆ ಮೂವತ್ತು ವರ್ಷದ ಹಿಂದಿನ ಮೇಸ್ತ್ರಿಯ ಮುಖ ಕಂಡಂತಾಯಿತು. ಆಗ ಅವಳು ಅತ್ತಿದ್ದಳು. ಈಗ ಅಳು ಬರಲಿಲ್ಲ.

"ನಿಂತ್ಕೊಳ್ಳಿ ಎಲ್ರೂ. ಯಾರೂ ಹೋಗ್ಬೇಡಿ," ಎಂದಳು. ಅಂಗಡಿಯಿಂದ ಒಂದು ಖಾಲಿ ಗಾಜಿನ ಹೂಜಿ ತಂದಳು. ನಲ್ಲಿಯ ಬಿಸಿನೀರಿನಲ್ಲಿ ಅದನ್ನು ತೊಳೆದು ಬಗ್ಗಿಸಿದಳು. ಬಿಸಿ ಆರುವ ಮೊದಲೇ ಬಾಯಿಗೆ ರಬ್ಬರ್ ಬಿರಡೆ ಒತ್ತಿ, ಟ್ಯೂಬ್ ಸಿಕ್ಕಿಸಿ, ಅದರ ತುದಿಯನ್ನು ಫೆಂಟನ್ ಕೈಯಲ್ಲಿದ್ದ ಕಾಫಿ ಮಗ್ಗಿನೊಳಗೆ ಇಳಿಬಿಟ್ಟಳು. ಹಿತ್ತಲಲ್ಲಿ ಕರಗದೆ ಉಳಿದಿದ್ದ ಹಿಮವನ್ನು ಬಾಚಿ ತಂದು, ಟವೆಲಿನಲ್ಲಿ ಕಟ್ಟಿ ಹೂಜಿಗೆ ಸುತ್ತಿದಳು.

ಫೆಂಟನ್ ಮಗ್ಗು ಹಿಡಿದೇ ನಿಂತಿದ್ದ. ಕಾಫಿ ಟ್ಯೂಬಿನಲ್ಲಿ ಒಂದು ಗೇಣು ಹತ್ತಿತು. ನಿಂತಿತು. ಮತ್ತೆ ಹತ್ತಿತು. ಬಾಗು ದಾಟಿ ಹೂಜಿಯ ಗಾಜಿನ ಮೇಲೆ ಪಿಚಕ್ಕನೆ ಬಿತ್ತು. ಆಮೇಲೆ ಅದನ್ನು ಹಿಡಿಯುವವರಿರಲಿಲ್ಲ. ಮಗ್ಗಿನ ತಳ ಕಾಣುವವರೆಗೆ ಸೊರಸೊರ ಎಂದು ಹೀರಿಕೊಂಡಿತು.

ಮಿಲ್ಟ್ ಗಹಗಹಿಸಿ ನಕ್ಕ. "ಡಾಕ್ಟ್ರ ಕಾಫಿ ಕುಡಿದುಬಿಡ್ತು!"

"ಜಾಡಿಗೂ ಬಕೆಟ್ಟಿಗೂ ಮಧ್ಯೆ ಒಂದು ಖಾಲಿ ಬಾಟ್ಲಿ ಇಟ್ಟಿದ್ರೆ ಸಾಕಿತ್ತು," ಎಂದಳು ಗೆರ್ಡಾ. "ಹಿಂದಕ್ಕೆ ಬಂದ ನೀರು ಅದರೊಳಗೇ ಬಿದ್ದು ಅಲ್ಲೇ ಉಳೀತಿತ್ತು. ಜಾಡಿಗೆ ಬರೀ ಗಾಳಿ ಹೋಗ್ತಿತ್ತು. ಇಲ್ಲ, ಟ್ಯೂಬಾದ್ರೂ ತೆಗೀಬೇಕಿತ್ತು. ಗುರುವಾರವೇ ಬಾಯಿಬಿಟ್ಟು ಹೇಳ್ದೆ."

ಫೆಂಟನ್ ಬರಿದಾದ ಮಗ್ಗನ್ನು ಕೆಳಗಿಟ್ಟ. ಅವನ ನಗು ಹೋಗಿರಲಿಲ್ಲ, ಹೆಪ್ಪುಗಟ್ಟಿತ್ತು. "ಯಾರಿಗೆ ಹೇಳಿದ್ದು? ನನಗಂತೂ ಹೇಳಿಲ್ಲ. ಇಷ್ಟೆಲ್ಲ ಗೊತ್ತಿದ್ದೂ ಬಾಯಿ ಮುಚ್ಕೊಂಡು ಕೂತಿದ್ರು ಅಂತಾಯ್ತು. ಸುರಿಯೋದಕ್ಕಿಂತ ಇದು ಇನ್ನೂ ಕೀಳು."

"ಆಂಬ್ರೋಸ್ ಅಲ್ಲೇ ಇದ್ದ. ಕೇಳಿ ಅವನನ್ನ."

ಆಂಬ್ರೋಸ್ ಟೋಪಿ ತೆಗೆದು ಅದರ ಅಂಚನ್ನು ಬೆರಳಲ್ಲಿ ತಿರುಗಿಸಿದ. ಅವನ ಕೆಳದವಡೆಯ ಹೊಸ ಹಲ್ಲಿನ ಸೆಟ್ಟು ಫೆಂಟನ್ ಕೂರಿಸಿದ್ದು. ಮೇಲಿನದು ಇನ್ನೂ ಬರಬೇಕಿತ್ತು. "ನನಗೆ ಕಿವಿ ಸರಿಯಾಗಿ ಕೇಳ್ಸಲ್ಲ," ಎಂದ.

ಆಂಬ್ರೋಸನ ಕಿವಿ ಎಷ್ಟು ಚುರುಕು ಎಂದು ಊರಿಗೇ ಗೊತ್ತಿತ್ತು. ಬೇಟೆಯ ಕಾಲದಲ್ಲಿ ಒಣಗಿದ ಎಲೆಯ ಮೇಲೆ ಜಿಂಕೆ ಕಾಲಿಟ್ಟ ಸದ್ದನ್ನು ಎಲ್ಲರಿಗಿಂತ ಮೊದಲು ಕೇಳುತ್ತಿದ್ದವನು ಅವನು. ಆದರೂ ಯಾರೂ ಎದುರಾಡಲಿಲ್ಲ. ಗೆರ್ಡಾ ಏಪ್ರನ್ ಬಿಚ್ಚಿ, ಕೀಯನ್ನು ಬತ್ತಿದ ಬಕೆಟ್ಟಿಗೆ ಠಣ್ಣನೆ ಎಸೆದು ಹೊರಟಳು. ಬಾಗಿಲಲ್ಲಿ ನಿಂತು, "ನಿನಗೆ ಆ ಹಲ್ಲು ಕಚ್ಚೋಕಲ್ಲ, ಬಾಯಿ ಮುಚ್ಚೋಕೆ ಕೊಟ್ಟಿದಾನೆ," ಎಂದು ಆಂಬ್ರೋಸನಿಗೆ ಹೇಳಿದಳು.

ಅಗ್ನಿಶಾಮಕ ದಳದ ಹಬ್ಬಕ್ಕೆ ಬಿಯರ್ ಹೊರಗಿನಿಂದ ತರಿಸಿದರು. ಗೆರ್ಡಾ ಹೋಗಲಿಲ್ಲ. ಮೆರವಣಿಗೆಯ ಸೈರನ್ ಅವಳ ಬೀದಿಯಲ್ಲೇ ಹಾದುಹೋದಾಗ ಪರದೆ ಎಳೆದಳು.

ಜೂನ್ ಕೊನೆಗೆ ಉಪ್ಪಿನಕಾಯಿ ಜಾಡಿಗಳ ಮುಚ್ಚಳ ಬೇಕೆಂದು ಗೆರ್ಡಾ ಮಿಲ್ಟ್‌ನ ಅಂಗಡಿಗೆ ಹೋದಾಗ ಗೋಡೆಯ ಮೇಲೆ ಕ್ಲಬ್ಬಿನ ತಿಂಗಳ ಸುದ್ದಿ ಕಾಗದ ಅಂಟಿಸಿದ್ದು ಕಂಡಿತು. ತಲೆಬರಹ: 'ಫೆಂಟನ್ ಬಲೆ: ಬಿಯರಿಗೆ ಬಕೆಟ್ಟಿನ ನೀರು ನುಗ್ಗದ ಹಾಗೆ ತಡೆಯುವ ಉಪಾಯ'. ಕೆಳಗೆ ಅಚ್ಚುಕಟ್ಟಾದ ಚಿತ್ರ. ಜಾಡಿ, ನಡುವೆ ಖಾಲಿ ಬಾಟಲಿ, ಆಚೆ ಔಷಧಿ ನೀರಿನ ಬಾಟಲಿ. ಅವಳು ಹಿಮ ಸುತ್ತಿ ತೋರಿಸಿದ ದಿನ ಹೇಳಿದ್ದೇ. ಅವಳ ಹೆಸರು ಎಲ್ಲೂ ಇಲ್ಲ.

"ಇದನ್ನ ಯಾವಾಗ ಕಂಡುಹಿಡಿದ್ನಂತೆ ಮಹಾನುಭಾವ?" ಎಂದು ಕೇಳಿದಳು.

ಮಿಲ್ಟ್ ಗಲ್ಲಾದ ಹಿಂದಿನಿಂದ ಭುಜ ಕುಣಿಸಿದ. "ನನ್ನ ಯಾಕೆ ಕೇಳ್ತೀಯ? ನಾನು ಗೋಡೆ ಕೊಟ್ಟಿದೀನಿ, ಅಷ್ಟೇ."

ಗೆರ್ಡಾ ಕನ್ನಡಕ ಹಾಕಿಕೊಂಡು ಚಿತ್ರವನ್ನು ಮತ್ತೊಮ್ಮೆ ನೋಡಿದಳು. ಆಗ ತಪ್ಪು ಕಣ್ಣಿಗೆ ಬಿತ್ತು. ಜಾಡಿಯಿಂದ ಬಂದ ಟ್ಯೂಬ್ ಖಾಲಿ ಬಾಟಲಿಯ ಮುಚ್ಚಳದ ಕೆಳಗೇ ನಿಲ್ಲಬೇಕು. ಫೆಂಟನ್ ಅದನ್ನು ತಳ ಮುಟ್ಟುವ ಹಾಗೆ ಉದ್ದಕ್ಕೆ ಎಳೆದಿದ್ದ. ಹಿಂದಕ್ಕೆ ಬಂದ ನೀರು ತಳದಲ್ಲಿ ಕೂರುತ್ತದೆ, ಟ್ಯೂಬಿನ ಬಾಯಿಯೂ ತಳದಲ್ಲೇ ಇದೆ. ಸ್ಟ್ರಾ ಹಾಕಿ ಕುಡಿದ ಹಾಗೆ ಎಲ್ಲವನ್ನೂ ಜಾಡಿ ಎಳೆದುಕೊಳ್ಳುತ್ತದೆ. ಹುದುಗುವಾಗ ಯಾವ ದೋಷವೂ ಕಾಣುವುದಿಲ್ಲ. ತಂಪಿಗೆ ಇಟ್ಟ ದಿನ ಗೊತ್ತಾಗುತ್ತದೆ.

ಅವಳಿಗೆ ನಗು ಬಂತು. ತಿಂಗಳುಗಳ ಮೇಲೆ ಬಂದ ಮೊದಲ ನಗು. ಕದ್ದದ್ದೂ ಸರಿಯಾಗಿ ಕದಿಯಲಿಲ್ಲವಲ್ಲ ಎಂದುಕೊಂಡು ಮುಚ್ಚಳದ ಪೊಟ್ಟಣ ಹಿಡಿದು ಮನೆಗೆ ಬಂದಳು. ಯಾರಿಗೂ ಹೇಳಲಿಲ್ಲ.

ಆಗಸ್ಟಿನ ಒಂದು ಬೆಳಿಗ್ಗೆ ಅದೇ ಅಂಗಡಿಯಲ್ಲಿ ಆಂಬ್ರೋಸ್ ಸಿಕ್ಕಿದ. ಒಂದು ಕೈಯಲ್ಲಿ ಟ್ಯೂಬಿನ ಸುರುಳಿ, ಇನ್ನೊಂದರಲ್ಲಿ ಮಡಚಿದ ಕಾಗದ, ಫೆಂಟನ್ ಚಿತ್ರ. ಏಪ್ರಿಲ್ ಆದ ಮೇಲೆ ಇಬ್ಬರೂ ಮಾತಾಡಿರಲಿಲ್ಲ. ಅವನೇ ಹತ್ತಿರ ಬಂದ.

"ಗೆರ್ಡಾ, ಕೋರಿನ್ ಮದುವೆ, ಅಕ್ಟೋಬರ್ ಎಂಟಕ್ಕೆ." ಕೋರಿನ್ ಅವನ ಮೊಮ್ಮಗಳು, ತಾಯಿ ಹೋದ ಮೇಲೆ ಅವನೇ ಸಾಕಿದ ಹುಡುಗಿ. "ಊಟಕ್ಕೆ ನನ್ನ ಕೈಯ ಬಿಯರೇ ಇರ್ಬೇಕಂತೆ. ಎರಡು ಜಾಡಿ ಇಡ್ತೀನಿ. ಈ ಚಿತ್ರ ಸ್ವಲ್ಪ ನೋಡ್ತೀಯಾ? ಸರಿ ಇದ್ಯಾ?"

ಅವನ ಬಾಯಲ್ಲಿ ಈಗ ಮೇಲಿನ ಸೆಟ್ಟೂ ಇತ್ತು. ಗೆರ್ಡಾ ಆ ಹಲ್ಲುಗಳನ್ನೇ ನೋಡಿದಳು. ಕೈಯನ್ನು ಕಿವಿಯ ಹಿಂದೆ ಇಟ್ಟುಕೊಂಡು, "ಏನಂದೆ? ನನಗೂ ಈಚೆಗೆ ಕಿವಿ ಮಂದ," ಎಂದಳು.

ಆಂಬ್ರೋಸನ ಮುಖ ಕುಂಬಳದ ಹೂವಿನ ಹಾಗೆ ಬಾಡಿತು. ಆದರೂ ಕಾಗದ ಚಾಚಿಕೊಂಡೇ ನಿಂತಿದ್ದ.

"ಡಾಕ್ಟ್ರು ಬರೆದಿದಾರಲ್ಲ, ಅವರನ್ನೇ ಕೇಳು," ಎಂದು ಹೇಳಿ ಅವಳು ಮೊಳೆಗಳ ಸಾಲಿನ ಕಡೆ ತಿರುಗಿದಳು. ಮೊಳೆ ಬೇಕಾಗಿರಲಿಲ್ಲ. ಅವನು ದುಡ್ಡು ಕೊಟ್ಟು ಹೊರಗೆ ಹೋಗುವವರೆಗೂ ಮೊಳೆ ನೋಡುತ್ತ ನಿಂತಿದ್ದಳು.

ಮೂರು ವಾರ ಕಳೆಯಿತು. ಸೆಪ್ಟೆಂಬರ್ ಮೊದಲ ಶನಿವಾರ ಬೆಳಿಗ್ಗೆ ಗೆರ್ಡಾ ಟೊಮ್ಯಾಟೊ ಕುದಿಸುತ್ತಿದ್ದಾಗ ಆಂಬ್ರೋಸನ ಹಳೇ ಪಿಕಪ್ ಬಂದು ನಿಂತಿತು. ಅವನು ಮೆಟ್ಟಿಲು ಹತ್ತಲಿಲ್ಲ. ಅಂಗಳದಲ್ಲೇ ನಿಂತು ಬಾಟಲಿಯೊಂದನ್ನು ಮೇಲಕ್ಕೆ ಚಾಚಿದ.

"ಕುಡಿ."

ಮೂಸುವ ಅಗತ್ಯವಿರಲಿಲ್ಲ, ಎರಡು ಅಡಿ ದೂರಕ್ಕೇ ಅಯೊಡಿನ್ ನಾತ ಹೊಡೆಯುತ್ತಿತ್ತು. ಆದರೂ ಗೆರ್ಡಾ ಒಂದು ಗುಟುಕು ಕುಡಿದಳು. ನುಂಗಿದಳು.

"ಎರಡೂ ಜಾಡಿ ಹಿಂಗೇ," ಎಂದ ಆಂಬ್ರೋಸ್. "ಹಳೇ ಫ್ರಿಜ್ಜಲ್ಲಿ ತಣ್ಣಗಾಗೋಕೆ ಇಟ್ಟಿದ್ದೆ. ಬೆಳಿಗ್ಗೆ ನೋಡಿದ್ರೆ ನೀರಿನ ಬಾಟ್ಲಿ, ಮಧ್ಯದ ಬಾಟ್ಲಿ ಎರಡೂ ಖಾಲಿ." ಅವನ ದನಿ ಏರಲಿಲ್ಲ. "ಆ ಗುರುವಾರ ನೀನು ಹೇಳಿದ್ದು ನನಗೆ ಕೇಳ್ಸಿತ್ತು. ಒಂದೊಂದು ಮಾತೂ ಕೇಳ್ಸಿತ್ತು. ಈಗ ನೀನು ಹೇಳು. ಚಿತ್ರ ತಪ್ಪು ಅಂತ ನಿನಗೆ ಗೊತ್ತಿತ್ತಾ?"

ಒಲೆಯ ಮೇಲೆ ಟೊಮ್ಯಾಟೊ ತಳ ಹಿಡಿಯುವ ವಾಸನೆ ಬರುತ್ತಿತ್ತು. ಗೆರ್ಡಾ ಕದಲಲಿಲ್ಲ.

"ಗೊತ್ತಿತ್ತು."

"ಅಂಗಡೀಲಿ ಕೇಳಿದಾಗ್ಲೂ?"

"ಜೂನಿಂದ ಗೊತ್ತಿತ್ತು."

ಆಂಬ್ರೋಸ್ ಬಾಟಲಿಯನ್ನು ಅವಳ ಕೈಯಿಂದ ವಾಪಸು ತೆಗೆದುಕೊಂಡ.

"ನೀನು ನನಗೆ ಮಾಡಿದ್ದಕ್ಕೂ ಇದಕ್ಕೂ ಸಮ ಆಯ್ತು," ಎಂದಳು ಗೆರ್ಡಾ. ಹೇಳುತ್ತಿರುವಾಗಲೇ ಆ ಮಾತು ಬಾಯಲ್ಲಿದ್ದ ಬಿಯರಿನಷ್ಟೇ ಕೆಟ್ಟ ರುಚಿ ಎನಿಸಿತು.

"ಸಮ ಆಗ್ಲಿಲ್ಲ. ನಾನು ಹೆದರಿ ಸುಮ್ನಿದ್ದೆ. ನೀನು ಖುಷಿಯಿಂದ ಸುಮ್ನಿದ್ದೆ." ಅವನು ಪಿಕಪ್ ಹತ್ತಿ, ಹೂವಿನ ಮಡಿಯ ಅಂಚನ್ನು ಅರೆದುಕೊಂಡು ಹಿಂದೆ ತಿರುಗಿಸಿ ಹೋದ.

ಗೆರ್ಡಾ ಸುಟ್ಟ ಟೊಮ್ಯಾಟೊ ಪಾತ್ರೆಯನ್ನು ಹೊರಗಿಟ್ಟು ಅಡುಗೆಮನೆಯಲ್ಲಿ ಕೂತಳು. ಅವನ ಮೇಲೆ ಸಿಟ್ಟು ಬರಲಿ ಎಂದು ಕಾದಳು. ಬಂತು ಕೂಡ, ಆದರೆ ನಿಲ್ಲಲಿಲ್ಲ. ಖುಷಿಯಿಂದ ಸುಮ್ಮನಿದ್ದದ್ದು ನಿಜ. ಅಂಗಡಿಯ ಗೋಡೆಯ ಮುಂದೆ ಒಬ್ಬಳೇ ನಕ್ಕಿದ್ದಳು. ಏಪ್ರಿಲ್‌ನಲ್ಲೂ, ಹತ್ತು ಟ್ಯೂಬು ಎತ್ತಿಡಬಹುದಾಗಿದ್ದ ಎರಡು ನಿಮಿಷ ಅವಳ ಕೈಯಲ್ಲೇ ಇತ್ತು. ಫೆಂಟನ್ ಅವಳ ಬಗ್ಗೆ ಹೇಳಿದ್ದರಲ್ಲಿ ಒಂದು ಚೂರು ಸತ್ಯವಿತ್ತು. ಅದು ಅವನ ಬಾಯಿಂದಲೇ ಬಂದಿತ್ತಲ್ಲ ಎನ್ನುವುದೇ ಅವಳಿಗೆ ಎಲ್ಲಕ್ಕಿಂತ ಹೆಚ್ಚು ಉರಿಯಿತು.

ಹನ್ನೊಂದು ಗಂಟೆಗೆ ಅವಳು ಕೆಂಪು ಪೆನ್ಸಿಲ್ ತೆಗೆದುಕೊಂಡು ಮಿಲ್ಟ್ ಅಂಗಡಿಗೆ ನಡೆದಳು. ಶನಿವಾರದ ಗಿರಾಕಿಗಳ ಜೊತೆ ಕ್ಲಬ್ಬಿನ ಐದಾರು ಜನ ಕಾಫಿ ಹಿಡಿದು ನಿಂತಿದ್ದರು. ಫೆಂಟನ್ ಕೂಡ ಇದ್ದ. ಗೆರ್ಡಾ ಯಾರ ಮುಖವನ್ನೂ ನೋಡದೆ ಗೋಡೆಯ ಬಳಿಗೆ ಹೋಗಿ, ಚಿತ್ರದಲ್ಲಿದ್ದ ಉದ್ದ ಟ್ಯೂಬಿನ ಮೇಲೆ ಕೆಂಪು ಗೀಟು ಎಳೆದು, ಮುಚ್ಚಳದ ಕೆಳಗೆ ಗಿಡ್ಡ ಟ್ಯೂಬ್ ಬರೆದಳು.

"ಏನ್ರೀ ಅದು? ಕ್ಲಬ್ಬಿನ ಕಾಗದ ಅದು," ಎಂದ ಫೆಂಟನ್.

"ತಪ್ಪು ಕಾಗದ. ಜಾಡಿಯಿಂದ ಬರೋ ಟ್ಯೂಬ್ ತಳ ಮುಟ್ಟಬಾರದು. ಮುಟ್ಟಿದ್ರೆ ನಿನ್ನ ಬಲೆ ಹೀರ್ಕೊಳ್ಳೋ ಕೊಳವೆ ಆಗತ್ತೆ." ಏಕವಚನ ಅವಳ ಬಾಯಿಂದ ತಾನಾಗಿ ಬಂತು. "ಆಂಬ್ರೋಸ್ ಮೊಮ್ಮಗಳ ಮದುವೆ ಬಿಯರ್ ಹಾಳಾಯ್ತು. ಎರಡು ಜಾಡಿ. ಕದ್ದು ತಪ್ಪಾಗಿ ಬರೆದ ನಿನ್ನದು ಅರ್ಧ ಪಾಪ. ಇನ್ನರ್ಧ ನನ್ನದು. ಜೂನಲ್ಲೇ ನನಗೆ ಗೊತ್ತಾಗಿತ್ತು. ಅವನು ಬಂದು ಕೇಳಿದ್ರೂ ಹೇಳ್ಲಿಲ್ಲ."

ಫೆಂಟನ್ ನಿಧಾನವಾಗಿ ಎಲ್ಲರ ಕಡೆ ತಿರುಗಿದ. ಅವನ ಹಲ್ಲುಗಳೆಲ್ಲ ಈಗ ಹೊರಗೆ ಬಂದಿದ್ದವು.

"ಕೇಳಿದ್ರಾ? ತನ್ನ ಬಾಯಿಂದಾನೇ ಹೇಳಿದ್ಲು. ಏಪ್ರಿಲಲ್ಲೂ ಇದೇ ಅಲ್ವಾ ನಾನು ಹೇಳಿದ್ದು? ಮುದುಕನ ಮೊಮ್ಮಗಳ ಮದುವೆ ಬಿಯರ್ ಹಾಳಾಗಲಿ ಅಂತ ಕಾಯ್ತಾ ಇದ್ಲಂತೆ. ಎಂಥಾ ಹೆಂಗಸು!"

ಯಾರೋ ಒಬ್ಬ "ಥೂ" ಎಂದ. ಅವನ ಹೆಂಡತಿಗೆ ಗೆರ್ಡಾ ಪ್ರತಿ ವರ್ಷ ಉಪ್ಪಿನಕಾಯಿ ಕೊಡುತ್ತಿದ್ದಳು.

"ಏಪ್ರಿಲಲ್ಲಿ ಹೇಳಿದ್ದೆ. ಈಗ ಹೇಳ್ಲಿಲ್ಲ. ಎರಡೂ ನಿಜ," ಎಂದಳು ಗೆರ್ಡಾ. "ನೀನು ನಂಬು, ಬಿಡು. ಎಲ್ರೂ ಟ್ಯೂಬ್ ಮಾತ್ರ ಗಿಡ್ಡ ಮಾಡ್ಕೊಳ್ಳಿ." ಚಿತ್ರದ ಕೆಳಗೆ ದೊಡ್ಡ ಅಕ್ಷರದಲ್ಲಿ ತನ್ನ ಹೆಸರು ಬರೆದು, ಎರಡು ಜಾಡಿಗೆ ಬೇಕಾದ ಮಾಲ್ಟ್ ತೂಗಿಸಿಕೊಂಡು ಹೊರಬಿದ್ದಳು. ಮಿಲ್ಟ್ ಚೀಲ ಕಟ್ಟಿಕೊಟ್ಟ.

ಮದುವೆಗೆ ಐದು ವಾರವಿತ್ತು. ಆ ದಿನವೇ ಗೆರ್ಡಾ ಒಲೆ ಹಚ್ಚಿದಳು. ಎರಡು ಜಾಡಿ ಹುದುಗಿದವು, ತಣ್ಣಗಾದವು. ನಡುವಿನ ಖಾಲಿ ಬಾಟಲಿಯಲ್ಲಿ ಒಂದು ತುತ್ತು ನೀರು ಹಿಂದೆ ಬಂದು ಬಿದ್ದಿತ್ತು, ಅಷ್ಟೇ. ಬಿಯರ್ ಜೇನಿನ ಬಣ್ಣಕ್ಕೆ ತಿಳಿಯಾಗಿತ್ತು. ಈ ನಡುವೆ ಮಿಲ್ಟ್ ಒಮ್ಮೆ ಬೀದಿಯಲ್ಲಿ ಸಿಕ್ಕಿ, "ಆಂಬ್ರೋಸ್ ಬಂದಿದ್ದ. ಏಪ್ರಿಲಲ್ಲಿ ನೀನು ಡಾಕ್ಟ್ರಿಗೆ ಹೇಳಿದ್ದು ನಿಜ ಅಂದ," ಎಂದ.

"ಡಾಕ್ಟ್ರ ಎದುರಿಗೆ ಅಂದ್ನಾ?"

"ಇಲ್ಲ. ನನ್ನ ಹತ್ರ."

"ಹಾಗಾದ್ರೆ ಹೇಳ್ದಂಗಲ್ಲ," ಎಂದು ಅವಳು ಮುಂದೆ ನಡೆದಳು.

ಮದುವೆಗೆ ಎರಡು ದಿನ ಮುಂಚೆ ತೊಂಬತ್ತಾರು ಬಾಟಲಿಗಳನ್ನು ಕಾರಿಗೆ ತುಂಬಿಕೊಂಡು ಆಂಬ್ರೋಸನ ಹೊಲದ ಮನೆಗೆ ಹೋದಳು. ಅವನು ಜಗಲಿಯ ಮೇಲೆ ಕೈಕಟ್ಟಿ ನಿಂತಿದ್ದ. ಒಳಗೆ ಬಾ ಎನ್ನಲಿಲ್ಲ, ಬೇಡ ಎಂದೂ ಹೇಳಲಿಲ್ಲ. ನಾಲ್ಕು ಪೆಟ್ಟಿಗೆಗಳನ್ನು ಅವಳೊಬ್ಬಳೇ ಹೊತ್ತು ಜಗಲಿಗೆ ಇಟ್ಟಳು. ಮೂರನೆಯದಕ್ಕೆ ಸೊಂಟ ಹಿಡಿದುಕೊಂಡಿತು. ಅವನು ನೋಡುತ್ತಲೇ ನಿಂತಿದ್ದ. ಅವಳಿಗೆ ಅದು ಸರಿಯೆನಿಸಿತು. ಕೆಲಸ ಮುಗಿದ ಮೇಲೆ ಅವನೊಂದು ಬಾಟಲಿ ತೆರೆದ. ಬೆಳಕಿಗೆ ಹಿಡಿದು ನೋಡಿ, ಅರ್ಧ ಕುಡಿದ.

"ಕೋರಿನ್‌ಗೆ ನಾನು ಮಾಡಿದ್ದು ಅಂತಾನೇ ಹೇಳ್ತೀನಿ," ಎಂದ.

ಗೆರ್ಡಾಳ ಬಾಯಿಗೆ ಒಂದು ಮಾತು ಬಂತು. ಅದನ್ನು ನುಂಗಿಕೊಂಡಳು. "ಹೇಳ್ಕೋ," ಎಂದು ಕಾರು ಹತ್ತಿದಳು.

ಮದುವೆಗೆ ಅವಳಿಗೆ ಕರೆ ಬರಲಿಲ್ಲ. ಅಲ್ಲಿ ಪೋಲ್ಕಾ ನೃತ್ಯ ಕುಣಿದವರೆಲ್ಲ ಮುದುಕನ ಬಿಯರ್ ಹೊಗಳಿದರಂತೆ; ಫೆಂಟನ್ ನಾಲ್ಕು ಬಾಟಲಿ ಕುಡಿದು, ನನ್ನ ಬಲೆಯಿಂದಲೇ ಇಷ್ಟು ಚೆನ್ನಾಗಿ ಬಂದದ್ದು ಎಂದು ಭಾಷಣ ಬಿಗಿದನಂತೆ. ಆಂಬ್ರೋಸ್ ಎದ್ದು ಹೊರಗೆ ಹೋದನಂತೆ. ಅದಕ್ಕಿಂತ ಹೆಚ್ಚು ಏನೂ ನಡೆಯಲಿಲ್ಲ. ಮಿಲ್ಟ್ ಅಂಗಡಿಯ ಗೋಡೆಗೆ ಹೊಸ ಕಾಗದ ಬಂತು. ಟ್ಯೂಬ್ ಗಿಡ್ಡವಾಗಿತ್ತು; ಹೆಸರು ಫೆಂಟನ್‌ನದೇ ಉಳಿದಿತ್ತು. ಕ್ಲಬ್ಬಿನವರು ಬೀದಿಯಲ್ಲಿ ಗೆರ್ಡಾ ಎದುರಾದರೆ ರಸ್ತೆ ದಾಟುತ್ತಿದ್ದರು. ಅವಳೂ ಯಾರನ್ನೂ ಕರೆಯಲು ಹೋಗಲಿಲ್ಲ.

ನವೆಂಬರಿನ ಒಂದು ಶುಕ್ರವಾರ ಸಂಜೆ ಊರಿನ ಸಭಾಂಗಣದಲ್ಲಿ ಮೀನಿನ ಊಟ. ಗೆರ್ಡಾ ತಟ್ಟೆ ಹಿಡಿದು ಸಾಲಿನಲ್ಲಿ ನಿಂತಿದ್ದಳು. ಹಿಂದೆ ಯಾರೋ ಗಂಟಲು ಸರಿಮಾಡಿಕೊಂಡರು. ಆಂಬ್ರೋಸ್. ನಾಲ್ಕು ಹೆಜ್ಜೆ ಮುಂದೆ ಫೆಂಟನ್ ಇದ್ದ. ಅವನಿಗೂ ಕೇಳುವಷ್ಟು ಗಟ್ಟಿಯಾಗಿ ಆಂಬ್ರೋಸ್ ಕೇಳಿದ:

"ಗೆರ್ಡಾ, ಎರಡನೇ ಬಾಟ್ಲಿಗೆ ಔಷಧಿ ನೀರು ಎಷ್ಟು ಹಾಕ್ಬೇಕು?"

ಫೆಂಟನ್‌ನ ಕತ್ತು ಸ್ವಲ್ಪ ತಿರುಗಿ ಮತ್ತೆ ನೆಟ್ಟಗಾಯಿತು.

"ಎರಡು ಬೆರಳು. ಟ್ಯೂಬಿನ ತುದಿ ಮುಳುಗಿದ್ರೆ ಸಾಕು," ಎಂದಳು ಅವಳು, ಹಿಂದೆ ತಿರುಗದೆ. "ಮಧ್ಯದ ಬಾಟ್ಲಿ ಅದಕ್ಕಿಂತ ದೊಡ್ಡದಿರ್ಲಿ."

"ಹೂಂ."

ಸಾಲು ಮುಂದೆ ಸರಿಯಿತು. ಮೀನು, ಆಲೂಗಡ್ಡೆ, ಕೋಸಿನ ಪಲ್ಯ ಹಾಕಿಸಿಕೊಂಡು ಗೆರ್ಡಾ ಕಿಟಕಿಯ ಪಕ್ಕದ ಮೇಜಿಗೆ ಹೋದಳು. ಅವಳೆದುರು ಒಂದು ಕುರ್ಚಿ ಖಾಲಿಯಿತ್ತು. ಆಂಬ್ರೋಸ್ ಅದನ್ನು ನೋಡಿದ, ಅವಳೂ ಅವನು ನೋಡಿದ್ದನ್ನು ನೋಡಿದಳು. ಅವನು ಬಾಗಿಲ ಹತ್ತಿರದ ಮೇಜಿಗೆ ಹೋಗಿ ಕೂತ. ಗೆರ್ಡಾ ಮೀನಿನ ಮುಳ್ಳು ಬಿಡಿಸತೊಡಗಿದಳು.